ಸಂವಿಧಾನದ ಹಕ್ಕುಗಳ ಮೇಲೆ ಚಿತ್ರ, ಪ್ರಬಂಧ ಸ್ಪರ್ಧೆ: ತಯಾರಿ ಹೇಗೆ?

ನವೆಂಬರ್ 26ರ ಸಂವಿಧಾನ ದಿನ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಹತ್ತಾರು ಸಲ ಬರುತ್ತದೆ. ಮೂಡಿಗೆರೆಯಿಂದ, ಕಡೂರಿನಿಂದ, ಆ ಕಡೆ ಬೇಲೂರು, ಸಕಲೇಶಪುರದಿಂದಲೂ. "ಮಗಳಿಗೆ ಸಂವಿಧಾನದ ಹಕ್ಕುಗಳು ಅಂತ ವಿಷಯ ಕೊಟ್ಟಿದ್ದಾರೆ ಸಾರ್, ಏನು ಬರೆಸೋದು?" ಗಮನಿಸಿ, ಅವರು ಕೇಳುವುದು 'ಬರೆಯೋದು' ಅಂತ ಅಲ್ಲ, 'ಬರೆಸೋದು' ಅಂತ. ತೊಂದರೆ ಶುರುವಾಗುವುದೇ ಅಲ್ಲಿ.

ಚಿಕ್ಕಮಗಳೂರು ಸುತ್ತಮುತ್ತ ಇಂಥ ಕೆಲವು ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತಿದ್ದೇನೆ. ಮೇಜಿನ ಮೇಲೆ ಹರಡಿದ ಚಿತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ಥರ: ನಡುವೆ ತಕ್ಕಡಿ, ಕೆಳಗೆ ತೆರೆದ ಪುಸ್ತಕ, ಮೇಲೆ ಅಂಬೇಡ್ಕರ್ ಅವರ ಮುಖ, ಸುತ್ತ ಹಿಡಿದುಕೊಂಡ ನಾಲ್ಕು ಕೈ. ಪ್ರಬಂಧಗಳದ್ದೂ ಅದೇ ಕಥೆ. ಮೊದಲ ಸಾಲಿನಲ್ಲಿ "ಭಾರತವು ವಿಶ್ವದ ಅತಿ ದೊಡ್ಡ ಪ್ರಜಾಪ್ರಭುತ್ವ", ಕೊನೆಯಲ್ಲಿ ಒಂದು ವಚನ. ಇವು ತಪ್ಪು ಅಂತಲ್ಲ. ಆದರೆ ಐವತ್ತನೇ ತಕ್ಕಡಿ ನೋಡುವ ಹೊತ್ತಿಗೆ ತೀರ್ಪುಗಾರರಿಗೆ ಕಣ್ಣು ಮಂಜಾಗಿರುತ್ತದೆ. ಆಗ ಯಾರೋ ಒಬ್ಬ ಹುಡುಗ ತನ್ನೂರಿನ ಹಳ್ಳ ದಾಟುವ ಕಾಲುಸಂಕ ಬರೆದಿದ್ದರೆ ಎಲ್ಲರೂ ತಲೆ ಎತ್ತಿ ನೋಡುತ್ತಾರೆ.

ಇದು ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಬರೆದದ್ದು. ಅಪ್ಪ ಅಮ್ಮಂದಿರು ಓದಬಹುದು, ಆದರೆ ಪೆನ್ನು ಮಾತ್ರ ಮುಟ್ಟಬೇಡಿ.

ಏನೇನು ಬೇಕು?

ಸಮಾಜ ವಿಜ್ಞಾನದ ಪಠ್ಯಪುಸ್ತಕ, ಸಂವಿಧಾನದ ಕನ್ನಡ ಅನುವಾದ, ಒಂದು ರಫ್ ನೋಟ್‌ಬುಕ್. ಅನುವಾದದ ಪುಸ್ತಕವನ್ನು ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ. ಹಳ್ಳಿಯವರಾದರೆ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ವಿಚಾರಿಸಿ. ಇಡೀ ಪುಸ್ತಕ ಓದಬೇಕಿಲ್ಲ. 3ನೇ ಭಾಗ ಸಾಕು, ಅಂದರೆ 12ರಿಂದ 35ರವರೆಗಿನ ವಿಧಿಗಳು. 'ವಿಧಿ' ಅಂದರೆ ಸಂವಿಧಾನದ ಒಂದೊಂದು ನಂಬರಿನ ನಿಯಮ. ಕೆಲವು ಪುಸ್ತಕಗಳಲ್ಲಿ ಇದನ್ನೇ 'ಅನುಚ್ಛೇದ' ಎಂದಿರುತ್ತದೆ, ಗಾಬರಿ ಬೇಡ, ಎರಡೂ ಒಂದೇ. ಚಿತ್ರಕ್ಕೆ ಬೇಕಾದ ಸಾಮಾನು ಆಮೇಲೆ ಹೇಳುತ್ತೇನೆ.

1. ಸುತ್ತೋಲೆಯನ್ನು ನೀವೇ ಓದಿ

ಮೇಷ್ಟ್ರು ತರಗತಿಯಲ್ಲಿ ಓದಿ ಹೇಳಿದ್ದು ಸಾಲದು. ನೋಟಿಸಿನ ಫೋಟೋ ತೆಗೆದುಕೊಳ್ಳಿ. ನೋಡಬೇಕಾದದ್ದು: ವಿಷಯ 'ಸಂವಿಧಾನ' ಅಂತಿದೆಯೋ, 'ಮೂಲಭೂತ ಹಕ್ಕುಗಳು' ಅಂತಿದೆಯೋ, 'ಹಕ್ಕು ಮತ್ತು ಕರ್ತವ್ಯ' ಅಂತಿದೆಯೋ. ಮೂರೂ ಬೇರೆ ಬೇರೆ. ಕರ್ತವ್ಯ ಎಂದಿದ್ದರೆ 51ಎ ವಿಧಿಯನ್ನೂ ಓದಬೇಕಾಗುತ್ತದೆ. ಮನೆಯಿಂದ ಮಾಡಿ ತರುವುದೋ, ಅಲ್ಲೇ ಕೂತು ಮಾಡುವುದೋ? ಪದಗಳ ಮಿತಿ ಎಷ್ಟು? ಶೀಟಿನ ಅಳತೆ ಏನು? ಅವರು ಎ3 ಕೇಳಿದ್ದಾಗ ಚಾರ್ಟ್ ಪೇಪರಿನಲ್ಲಿ ಬರೆದುಕೊಂಡು ಬಂದ ಒಳ್ಳೊಳ್ಳೆ ಚಿತ್ರಗಳನ್ನು ಪಕ್ಕಕ್ಕೆ ಇಡಬೇಕಾಗಿ ಬಂದು ನನಗೇ ಹೊಟ್ಟೆ ಉರಿದಿದೆ.

2. ಒಂದೇ ಹಕ್ಕು, ಒಂದೇ ಜಾಗ

ಇದು ಎಲ್ಲಕ್ಕಿಂತ ಮುಖ್ಯ. ಎರಡು ದಿನ ತೆಗೆದುಕೊಂಡರೂ ಪರವಾಗಿಲ್ಲ.

ಮೂಲಭೂತ ಹಕ್ಕುಗಳು ಈಗ ಆರು ಗುಂಪು: ಸಮಾನತೆ (14–18), ಸ್ವಾತಂತ್ರ್ಯ (19–22), ಶೋಷಣೆಯ ವಿರುದ್ಧದ ಹಕ್ಕು (23–24), ಧಾರ್ಮಿಕ ಸ್ವಾತಂತ್ರ್ಯ (25–28), ಸಂಸ್ಕೃತಿ ಮತ್ತು ಶಿಕ್ಷಣ (29–30), ಹಕ್ಕಿಗೆ ಧಕ್ಕೆ ಬಂದಾಗ ನೇರ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು (32). ಆರನ್ನೂ ಒಂದೇ ಪ್ರಬಂಧಕ್ಕೆ ತುರುಕಿದರೆ ಅದು ಪ್ರಬಂಧ ಆಗುವುದಿಲ್ಲ, ಗೈಡ್ ಆಗುತ್ತದೆ. ಒಂದನ್ನು ಆರಿಸಿ. ಆಮೇಲೆ ಆ ಹಕ್ಕು ನಿಮ್ಮೂರಿನಲ್ಲಿ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಅಂತ ಹುಡುಕಿ.

ಹೇಗೆ ಅಂತೀರಾ? ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಕಣ್ಣೆದುರೇ ವಿಷಯ ಬಿದ್ದಿದೆ.

ಹೋಟೆಲಿನ ಲೋಟ. ಹಿಂದೆ ಜಾತಿ ನೋಡಿ ಬೇರೆ ಲೋಟ ಇಡುತ್ತಿದ್ದರು. 15ನೇ ವಿಧಿಯ ಎರಡನೇ ಖಂಡ ಓದಿ ನೋಡಿ. ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಿಂದ ದೂರ ಇಡುವಂತಿಲ್ಲ ಎನ್ನುತ್ತದೆ. ದೇಶದ ದೊಡ್ಡ ಕಾನೂನಿನಲ್ಲಿ ಬಾವಿ ಮತ್ತು ಕೆರೆ! ಸಂವಿಧಾನ ಸಭೆಯಲ್ಲಿ ಒಬ್ಬ ಸದಸ್ಯರು ಕ್ಷೌರದ ಅಂಗಡಿ, ಬಟ್ಟೆ ಒಗೆಯುವ ಅಂಗಡಿಯೂ ಇದರಲ್ಲಿ ಬರುತ್ತದಾ ಅಂತ ಕೇಳಿದ್ದರು. 'ಅಂಗಡಿ' ಎಂಬ ಮಾತಿಗೆ ಇಲ್ಲಿ ವಿಶಾಲ ಅರ್ಥವಿದೆ, ಸೇವೆ ಕೊಡುವವರೆಲ್ಲ ಅದರಲ್ಲಿ ಬರುತ್ತಾರೆ ಎಂಬ ಅರ್ಥದ ಉತ್ತರ ಕೊಟ್ಟವರು ಅಂಬೇಡ್ಕರ್. ಇದನ್ನು ಇಟ್ಟುಕೊಂಡು ನಿಮ್ಮೂರಿನ ಕಟಿಂಗ್ ಶಾಪಿನ ಒಂದು ಕುರ್ಚಿ ಬರೆದರೂ ಚಿತ್ರ ಆಗುತ್ತದೆ, ಅಲ್ವಾ? ಅಸ್ಪೃಶ್ಯತೆಯನ್ನೇ ನಿಷೇಧಿಸಿದ 17ನೇ ವಿಧಿಯನ್ನೂ ಜೊತೆಗೆ ಓದಿಕೊಳ್ಳಿ.

ಕಾಫಿ ತೋಟದ ಲೈನ್ ಮನೆ, ಅಂದರೆ ಕಾರ್ಮಿಕರ ಸಾಲು ಮನೆ. ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳು ಈಗ ನಮ್ಮ ತೋಟಗಳಲ್ಲಿ ಕೆಲಸ ಮಾಡುತ್ತಿವೆ. ಭಾರತದ ಪ್ರಜೆ ದೇಶದ ಯಾವ ಮೂಲೆಗಾದರೂ ಹೋಗಬಹುದು, ಅಲ್ಲೇ ನೆಲೆಸಬಹುದು ಎನ್ನುವುದು 19ನೇ ವಿಧಿ. ನಿಮ್ಮ ತರಗತಿಯಲ್ಲೇ ಅಂಥ ಮನೆಯ ಗೆಳೆಯ ಇದ್ದರೆ ಅವನ ಹತ್ತಿರ ಕೂತು ಮಾತಾಡಿ. ಬೇರೆಲ್ಲೂ ಸಿಗದ ವಿಷಯ ಸಿಗುತ್ತದೆ. ಹಣ್ಣು ಕುಯ್ಯುವ ಸೀಸನ್ನಿನಲ್ಲಿ ಶಾಲೆಗೆ ಬಾರದ ಮಕ್ಕಳ ಬಗ್ಗೆ ಬರೆಯುವುದಾದರೆ ಶಿಕ್ಷಣದ ಹಕ್ಕಿನ 21ಎ ವಿಧಿ ನೋಡಿ.

ಮಳೆಗಾಲದ ಕಾಲುಸಂಕ. ಶೃಂಗೇರಿ, ಕೊಪ್ಪ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬಯಲುಸೀಮೆಯವರಿಗೆ ಮಾತ್ರ ಹೇಳುತ್ತೇನೆ: ಹಳ್ಳ ದಾಟಲು ಮರದ ದಿಮ್ಮಿ ಅಡ್ಡ ಹಾಕಿ ಮಾಡಿದ ಪುಟ್ಟ ಸೇತುವೆ. ಶಿಕ್ಷಣ ಮೂಲಭೂತ ಹಕ್ಕಾದದ್ದು 2002ರ 86ನೇ ತಿದ್ದುಪಡಿಯಿಂದ, ಅದಕ್ಕೆ ಬೇಕಾದ ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಆದರೆ ಹಳ್ಳ ತುಂಬಿದ ದಿನ ಆ ಹಕ್ಕು ಈಚೆ ದಡದಲ್ಲೇ ನಿಂತಿರುತ್ತದೆ. ಚಿತ್ರಕ್ಕೆ ಇದಕ್ಕಿಂತ ಬೇಕಾ?

ಸಕಲೇಶಪುರ, ಆಲೂರಿನವರಿಗೆ ಆನೆ ಇದೆ. 21ನೇ ವಿಧಿ ಜೀವಿಸುವ ಹಕ್ಕು ಕೊಡುತ್ತದೆ. 48ಎ ವಿಧಿ ಕಾಡು, ವನ್ಯಜೀವಿ ಕಾಪಾಡು ಎಂದು ಸರ್ಕಾರಕ್ಕೆ ಹೇಳುತ್ತದೆ. ಎರಡೂ ಒಂದೇ ತೋಟದ ಬೇಲಿಯಲ್ಲಿ ಎದುರಾಗುತ್ತವೆ. ಇಲ್ಲಿ ಒಂದು ಎಚ್ಚರಿಕೆ: 48ಎ ಮೂಲಭೂತ ಹಕ್ಕಲ್ಲ, 'ನಿರ್ದೇಶಕ ತತ್ವ'. ಅಂದರೆ ಸರ್ಕಾರ ಪಾಲಿಸಬೇಕಾದ ದಾರಿ, ಆದರೆ ಪಾಲಿಸಲಿಲ್ಲ ಅಂತ ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗಲಾಗದು. ಈ ವ್ಯತ್ಯಾಸ ಬರೆದವರು ಕಡಿಮೆ, ಬರೆದರೆ ಎದ್ದು ಕಾಣುತ್ತದೆ.

ಕಡೂರು, ಅರಸೀಕೆರೆ ಕಡೆಯ ತಾಂಡಾದ ಮಕ್ಕಳು ಲಂಬಾಣಿ ಭಾಷೆಯ ಬಗ್ಗೆ ಬರೆಯಬಹುದು. ತನ್ನದೇ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು 29ನೇ ವಿಧಿಯಲ್ಲಿದೆ.

ಚಿಕ್ಕಮಗಳೂರಿನವರಿಗೆ ಇನ್ನೊಂದು ವಿಷಯ ಮನೆಯಲ್ಲೇ ಇದೆ. 1978ರಲ್ಲಿ ಇಂದಿರಾ ಗಾಂಧಿ ಇಲ್ಲಿಯ ಲೋಕಸಭಾ ಉಪಚುನಾವಣೆಗೆ ನಿಂತು ಗೆದ್ದರು. ಹಲವು ಹಕ್ಕುಗಳನ್ನು ತಡೆಹಿಡಿದಿದ್ದ ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಅದೇ 1978ರ 44ನೇ ತಿದ್ದುಪಡಿ, ಮುಂದೆ ತುರ್ತು ಪರಿಸ್ಥಿತಿ ಬಂದರೂ 20 ಮತ್ತು 21ನೇ ವಿಧಿಗಳ ರಕ್ಷಣೆಯನ್ನು ತಡೆಹಿಡಿಯುವಂತಿಲ್ಲ ಎಂದು ಮಾಡಿತು. ನಿಮ್ಮ ಅಜ್ಜ ಅಜ್ಜಿಗೆ ಆ ಚುನಾವಣೆ ಚೆನ್ನಾಗಿ ನೆನಪಿರುತ್ತದೆ. ಒಂದು ಸಂಜೆ ಕೂತು ಕೇಳಿ, ನೋಟ್ ಮಾಡಿಕೊಳ್ಳಿ. ಪಕ್ಷದ ಪರ ವಿರೋಧ ಮಾತ್ರ ಪ್ರಬಂಧದೊಳಗೆ ತರಬೇಡಿ.

ಏನೂ ಹೊಳೆಯದಿದ್ದರೆ ನಿಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಹೋಗಿ ಕೂತು ಬನ್ನಿ. ಶೌಚಾಲಯ ಇಲ್ಲ, ಬಸ್ ನಿಲ್ಲಿಸುವುದಿಲ್ಲ, ಆಟದ ಮೈದಾನ ಒತ್ತುವರಿ ಆಗಿದೆ ಅಂತ ಮಕ್ಕಳು ಎದ್ದು ನಿಂತು ಹೇಳುತ್ತಾರೆ. ಒಂದೊಂದು ದೂರೂ ಒಂದೊಂದು ವಿಷಯ.

ನಿಜವಾಗಿ ನಡೆದ ಅನ್ಯಾಯದ ಬಗ್ಗೆ ಬರೆಯುತ್ತಿದ್ದರೆ ಹೆಸರು ಬದಲಿಸಿ. ಗೆಳತಿಯ ಕಷ್ಟ ನಿಮ್ಮ ಬಹುಮಾನಕ್ಕೆ ಸಾಮಾನಲ್ಲ. ಅವಳನ್ನು ಕೇಳದೆ ಬರೆಯಲೇಬೇಡಿ.

3. ಬರೆಯುವ ಮುಂಚೆ ತಪ್ಪು ಹೆಕ್ಕಿ

ವಾಟ್ಸಾಪಿನಲ್ಲಿ ಬಂದ ಮಾಹಿತಿ ನಂಬಿ ಕೆಡುವವರೇ ಜಾಸ್ತಿ. ಪ್ರತಿ ವರ್ಷ ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವ ತಪ್ಪುಗಳು ಇವು:

ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26, ಅದು ಪೂರ್ತಿ ಜಾರಿಗೆ ಬಂದದ್ದು 1950ರ ಜನವರಿ 26. ಮೊದಲನೆಯದು ಸಂವಿಧಾನ ದಿನ, 2015ರಿಂದ ಆಚರಿಸುತ್ತಿದ್ದೇವೆ. ಎರಡನೆಯದು ಗಣರಾಜ್ಯೋತ್ಸವ. ಇವೆರಡನ್ನು ಅದಲು ಬದಲು ಮಾಡುವವರು ಪಿಯುಸಿಯಲ್ಲೂ ಇದ್ದಾರೆ.

"ಮತದಾನ ನಮ್ಮ ಮೂಲಭೂತ ಹಕ್ಕು." ಕೇಳಲು ಚೆನ್ನಾಗಿದೆ, ಆದರೆ ಮೂಲಭೂತ ಹಕ್ಕುಗಳ ಭಾಗದಲ್ಲಿ ಅದು ಇಲ್ಲ. ಮತದಾನದ ಮಾತು ಬರುವುದು 326ನೇ ವಿಧಿಯಲ್ಲಿ. ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 61ನೇ ತಿದ್ದುಪಡಿ.

"ಆಸ್ತಿಯ ಹಕ್ಕು ಸೇರಿ ಏಳು ಮೂಲಭೂತ ಹಕ್ಕುಗಳು." ಇದು ಹಳೆಯ ಲೆಕ್ಕ. ಆಸ್ತಿಯನ್ನು ಆ ಪಟ್ಟಿಯಿಂದ ತೆಗೆದದ್ದೂ ಅದೇ 44ನೇ ತಿದ್ದುಪಡಿ. ಈಗ ಅದು 300ಎ ವಿಧಿಯಲ್ಲಿದೆ.

"ಎಲ್ಲರಿಗೂ ಉಚಿತ ಶಿಕ್ಷಣದ ಹಕ್ಕಿದೆ." 21ಎ ಹೇಳುವುದು 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಪ್ರಬಂಧ ಬರೆಯುತ್ತಿರುವ ಪಿಯುಸಿ ವಿದ್ಯಾರ್ಥಿಯೇ ಅದರ ಹೊರಗಿದ್ದಾನೆ! ಇದನ್ನೇ ವಿಷಯ ಮಾಡಿಕೊಂಡು ಯಾಕೆ ಬರೆಯಬಾರದು?

"ಅಂಬೇಡ್ಕರ್ ಒಬ್ಬರೇ ಕೂತು ಸಂವಿಧಾನ ಬರೆದರು." ಅವರು ಏಳು ಜನರ ಕರಡು ಸಮಿತಿಯ ಅಧ್ಯಕ್ಷರು. ಕರಡು ಅಂದರೆ ತಿದ್ದಲು ಇಟ್ಟ ಮೊದಲ ಬರಹ. ಅದನ್ನು ಇಡೀ ಸಂವಿಧಾನ ಸಭೆ ವಿಧಿ ವಿಧಿಯಾಗಿ ಚರ್ಚಿಸಿತು. ಸಭೆಯಲ್ಲಿ 15 ಮಹಿಳೆಯರೂ ಇದ್ದರು. ಸಭೆಯಲ್ಲಿ ಎದ್ದು ಬಂದ ಪ್ರಶ್ನೆಗಳಿಗೆ ಅಂಬೇಡ್ಕರ್ ನಿಂತು ಉತ್ತರ ಕೊಟ್ಟ ರೀತಿ ಓದಿದರೆ ಅವರ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ.

ಇನ್ನೊಂದು ಸೂಕ್ಷ್ಮ. 19ನೇ ವಿಧಿಯ ಸ್ವಾತಂತ್ರ್ಯಗಳು ಪ್ರಜೆಗಳಿಗೆ ಮಾತ್ರ, ಅವಕ್ಕೆ 'ಸಮಂಜಸ ನಿರ್ಬಂಧ' ಹಾಕಬಹುದು. ಅಂದರೆ ಸಕಾರಣವಾದ, ಕಾನೂನಿನ ಮೂಲಕ ಹಾಕಿದ ಮಿತಿ. 14 ಮತ್ತು 21 ಹಾಗಲ್ಲ, ಈ ನೆಲದಲ್ಲಿರುವ ಎಲ್ಲ ಮನುಷ್ಯರಿಗೂ ಸಿಗುತ್ತವೆ, ಹಂಪಿ ನೋಡಲು ಬಂದ ವಿದೇಶಿಗೂ.

4. ಪ್ರಬಂಧದ ಕೆಲಸ

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಶಾಲೆಯಲ್ಲಿ ಕಲಿಸಿರುತ್ತಾರೆ. ಆ ತಲೆಬರಹಗಳನ್ನು ಕಡ್ಡಾಯ ಅಂತ ಕೇಳಿದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ. ಶುರುವಿನಲ್ಲಿ ಒಂದು ನೋಟ ಕೊಡಿ. "ನಮ್ಮೂರ ಹೋಟೆಲಿನಲ್ಲಿ ಈಗ ಎಲ್ಲರಿಗೂ ಒಂದೇ ಸ್ಟೀಲ್ ಲೋಟ. ಅಜ್ಜ ಹುಡುಗನಾಗಿದ್ದಾಗ ಗೋಡೆಯ ಹೊರಗೆ ಬೇರೆ ಲೋಟ ತೂಗುಹಾಕಿರುತ್ತಿದ್ದರಂತೆ." ಇಷ್ಟಾದರೆ ಓದುವವರು ಮುಂದಕ್ಕೆ ಬರುತ್ತಾರೆ. ಎರಡನೇ ಪ್ಯಾರಾದಲ್ಲಿ ವಿಧಿ ಏನು ಹೇಳುತ್ತದೆ ಅಂತ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಪುಸ್ತಕದ ಸಾಲನ್ನು ಹಾಗೇ ಇಳಿಸಿದರೆ ನಿಮಗೆ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಆಮೇಲೆ ಒಂದು ಕೋರ್ಟ್ ಕೇಸು. ಒಂದೇ ಸಾಕು. ಮಕ್ಕಳಿಗೆ ಹತ್ತಿರವಾದದ್ದು ಬಿಜೋ ಇಮ್ಯಾನುಯೆಲ್ ಪ್ರಕರಣ. ಕೇರಳದ ಶಾಲೆಯೊಂದರ ಮೂವರು ಒಡಹುಟ್ಟಿದವರು ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ನಮ್ಮ ರಾಜ್ಯದ್ದೇ ಬೇಕೆಂದರೆ 1992ರ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಇದೆ. ವೈದ್ಯಕೀಯ ಸೀಟಿಗೆ ಕ್ಯಾಪಿಟೇಶನ್ ಶುಲ್ಕ, ಅಂದರೆ ಫೀಸಿನ ಹೊರಗೆ ಸೀಟು ಕೊಡಲು ಕೇಳುವ ದುಡ್ಡು, ಇದರ ವಿರುದ್ಧದ ಕೇಸು. 21ಎ ಬರುವುದಕ್ಕೆ ಹತ್ತು ವರ್ಷ ಮೊದಲೇ ಕೋರ್ಟ್ ಇಲ್ಲಿ ಶಿಕ್ಷಣವನ್ನು ಹಕ್ಕು ಎಂದಿತ್ತು. ಮೊಬೈಲು, ಖಾಸಗಿತನದ ಬಗ್ಗೆ ಬರೆಯುವವರಿಗೆ 2017ರ ಪುಟ್ಟಸ್ವಾಮಿ ತೀರ್ಪು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕು ಎಂದಿತು.

ಕೇಸಿನ ನಂತರ ಮತ್ತೆ ನಿಮ್ಮೂರಿಗೆ ಬನ್ನಿ. ಆ ಹಕ್ಕು ಇವತ್ತು ಅಲ್ಲಿ ಎಷ್ಟು ನಿಜ? ಏನು ಆಗಬೇಕು, ಯಾರು ಮಾಡಬೇಕು? "ನಾವೆಲ್ಲರೂ ಒಂದಾಗಿ ಶ್ರಮಿಸೋಣ" ಅಂತ ಮುಗಿಸುವ ಬದಲು "ಪಂಚಾಯಿತಿಗೆ ನಮ್ಮ ತರಗತಿ ಒಂದು ಅರ್ಜಿ ಕೊಟ್ಟಿದೆ" ಅಂತ ಬರೆಯಲು ಆದರೆ ಬರೆಯಿರಿ. ಕೊಟ್ಟಿದ್ದರೆ ಮಾತ್ರ.

ಅಲ್ಲೇ ಕೂತು ಬರೆಯುವ ಸ್ಪರ್ಧೆಯಾದರೆ ಮೊದಲ ಹತ್ತು ನಿಮಿಷ ಪೆನ್ನು ಓಡಿಸಬೇಡಿ. ಹಿಂದಿನ ಹಾಳೆಯಲ್ಲಿ ಐದು ಸಾಲಿನ ಪಟ್ಟಿ ಮಾಡಿ. ಕೊನೆಯ ಹತ್ತು ನಿಮಿಷ ಓದಿ ತಿದ್ದಲು ಇರಲಿ.

ಚಾಟ್‌ಜಿಪಿಟಿ ಬರೆದ ಪ್ರಬಂಧ ಗೊತ್ತಾಗುತ್ತದಾ ಅಂತ ಕೇಳುತ್ತಾರೆ. ಒಂದೇ ಶಾಲೆಯಿಂದ ಆರು ಪ್ರಬಂಧ ಒಂದೇ ಹದದಲ್ಲಿ, ಒಂದೇ ಉಪಮೆಯೊಂದಿಗೆ ಬಂದರೆ ಗೊತ್ತಾಗದೆ ಇರುತ್ತದಾ? ಅಪ್ಪ ಬರೆದದ್ದೂ ಗೊತ್ತಾಗುತ್ತದೆ. ಎಂಟನೇ ಕ್ಲಾಸಿನ ಹುಡುಗಿ 'ತತ್ಸಂಬಂಧಿತ' ಅಂತ ಬರೆಯುವುದಿಲ್ಲ.

5. ಚಿತ್ರದ ಕೆಲಸ

ಶುರು ಮಾಡುವ ಮುಂಚೆ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿ. ಅದು ಅಚ್ಚು ಹಾಕಿದ್ದಲ್ಲ. ಇಂಗ್ಲಿಷ್ ಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯಜಾದಾ ಕೈಯಲ್ಲೇ ಬರೆದರು. ಚಿತ್ರ ಮಾಡಿದ್ದು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಮೊದಲ ಭಾಗದ ತಲೆಯಲ್ಲಿ ಮೊಹೆಂಜೊದಾರೋದ ಮುದ್ರೆಯ ಗೂಳಿ ಇದೆ. ಮುಂದೆ ಬುದ್ಧ, ದಂಡಿಗೆ ನಡೆದ ಗಾಂಧಿ, ಟಿಪ್ಪು, ಝಾನ್ಸಿ ರಾಣಿ ಬರುತ್ತಾರೆ. ಅವರು ಕಾನೂನನ್ನು ಕಥೆಗಳಿಂದ ತೋರಿಸಿದರು. ನೀವೂ ಹಾಗೇ ಮಾಡಿ.

ರಫ್ ಸ್ಕೆಚ್ ಮೂರಾದರೂ ಮಾಡಿ. ಸಣ್ಣ ಚೀಟಿಯಷ್ಟು ಅಗಲದಲ್ಲಿ ಸಾಕು. ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ದೂರದಿಂದ ನೋಡಿ, ಯಾವುದು ಥಟ್ಟನೆ ಅರ್ಥವಾಗುತ್ತದೋ ಅದನ್ನು ದೊಡ್ಡದು ಮಾಡಿ. ಸಂಕದ ನಡುವೆ ನಿಂತ ಒಂದು ಸ್ಕೂಲ್ ಬ್ಯಾಗು, ಅಷ್ಟೇ ಇದ್ದರೂ ಸಾಕು. ಹಿಂದೆ ಬೆಟ್ಟ, ಸೂರ್ಯ, ಎರಡು ಹಕ್ಕಿ ಹಾಕಲೇಬೇಕು ಅಂತ ಡ್ರಾಯಿಂಗ್ ಮೇಷ್ಟ್ರು ಹೇಳಿದರೂ ಒಮ್ಮೆ ಯೋಚಿಸಿ.

ಕಾಗದ: ವಾಟರ್ ಕಲರ್ ಬಳಸುವುದಾದರೆ ತೆಳು ಶೀಟು ಬೇಡ, ನೀರು ಕುಡಿದು ಸುಕ್ಕಾಗುತ್ತದೆ. ಅಂಗಡಿಯಲ್ಲಿ 200 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪದ್ದು ಕೇಳಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ದುಡ್ಡು ಜಾಸ್ತಿ ಅನ್ನಿಸಿದರೆ ಸಾಮಾನ್ಯ ಡ್ರಾಯಿಂಗ್ ಶೀಟಿನಲ್ಲಿ ಕ್ರೆಯಾನ್ಸ್ ಬಳಸಿ, ಅದಕ್ಕೆ ಅಂಕ ಕಡಿಮೆಯಾಗುವುದಿಲ್ಲ. ಮಲೆನಾಡಿನ ತಂಡಿಗೆ ಬಣ್ಣ ಬೇಗ ಒಣಗುವುದಿಲ್ಲ. ಒಂದು ಇಡೀ ರಾತ್ರಿ ಫ್ಯಾನಿನ ಕೆಳಗೆ ಬಿಡಿ. ಒಲೆಯ ಹತ್ತಿರ ಹಿಡಿದರೆ ಹೊಗೆಯ ಬಣ್ಣ ಪುಕ್ಕಟೆ ಸಿಗುತ್ತದೆ.

ಬಾವುಟ ಬರೆಯುವುದಾದರೆ ಅಶೋಕ ಚಕ್ರಕ್ಕೆ 24 ಕಡ್ಡಿ, ಎಣಿಸಿ ಹಾಕಿ. ಬಾವುಟದ ಮೇಲೆ ಘೋಷಣೆ ಬರೆಯಬೇಡಿ. 1971ರ ರಾಷ್ಟ್ರ ಗೌರವ ಕಾಯ್ದೆ ಪ್ರಕಾರ ಬಾವುಟದ ಮೇಲೆ ಅಕ್ಷರ ಬರೆಯುವುದು ಅಗೌರವ. ಭಾರತದ ನಕ್ಷೆಯನ್ನು ಅಂದಾಜಿನಲ್ಲಿ ಎಳೆಯುವ ಬದಲು ಟ್ರೇಸ್ ಮಾಡಿ, ಇಲ್ಲವೇ ಬಿಟ್ಟುಬಿಡಿ. ಮೂಲ ಪ್ರತಿಯ ಪೀಠಿಕೆ ನೋಡಿ ಬರೆಯುವವರು ಒಂದು ತಿಳಿದಿರಿ: ಅದರಲ್ಲಿ 'ಸಮಾಜವಾದಿ', 'ಜಾತ್ಯತೀತ' ಪದಗಳು ಇರುವುದಿಲ್ಲ. ಅವು ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಈಗಿನ ಪೀಠಿಕೆ ಬೇಕಾದರೆ ಪಠ್ಯಪುಸ್ತಕದ್ದನ್ನೇ ನೋಡಿಕೊಳ್ಳಿ.

ಪೋಸ್ಟರಿನ ಅಕ್ಷರಗಳ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಇಷ್ಟು ಚಂದದ ಚಿತ್ರ ಬರೆದು ಮೇಲೆ ದೊಡ್ಡದಾಗಿ 'ಸಂವಿದಾನ' ಅಂತ ಬರೆದರೆ ಹೇಗೆ? ಸಂವಿಧಾನ, ಮೂಲಭೂತ, ಸ್ವಾತಂತ್ರ್ಯ, ಅಸ್ಪೃಶ್ಯತೆ: ಈ ನಾಲ್ಕರಲ್ಲಿ ಒಂದಾದರೂ ಪ್ರತಿ ಸಲ ತಪ್ಪಾಗಿ ಬರುತ್ತದೆ. 'ಸ್ವಾತಂತ್ರ್ಯ'ದ ಕೊನೆಯ ಅಕ್ಷರಕ್ಕೆ ಎರಡು ಒತ್ತು ಇರಬೇಕು. ಮೊದಲು ಪೆನ್ಸಿಲಿನಲ್ಲಿ ಬರೆದು ಕನ್ನಡ ಟೀಚರಿಗೆ ತೋರಿಸಿ, ಆಮೇಲೆ ಬಣ್ಣ ತುಂಬಿ. ಘೋಷಣೆ ಐದಾರು ಪದ ಮೀರಬಾರದು.

6. ಕೊಡುವ ದಿನ

ಹೆಸರು, ತರಗತಿ, ಶಾಲೆಯನ್ನು ಅವರು ಹೇಳಿದ ಜಾಗದಲ್ಲೇ ಬರೆಯಿರಿ, ಸಾಮಾನ್ಯವಾಗಿ ಹಿಂಬದಿಯಲ್ಲಿ. ಮುಂದೆ ಸಹಿ ಹಾಕಿದರೆ ಕೆಲವು ಕಡೆ ತೆಗೆದುಹಾಕುತ್ತಾರೆ. ಯಾರ ಚಿತ್ರ ಅಂತ ತೀರ್ಪುಗಾರರಿಗೆ ಗೊತ್ತಾಗಬಾರದು ಎಂಬುದು ಕಾರಣ. ವ್ಯಾಸಂಗ ಪತ್ರ, ಅಂದರೆ ಈ ಶಾಲೆಯಲ್ಲಿ ಓದುತ್ತಿದ್ದೀರಿ ಎಂಬ ಮುಖ್ಯ ಶಿಕ್ಷಕರ ಪತ್ರ ಕೇಳಿದ್ದರೆ ಎರಡು ದಿನ ಮುಂಚೆಯೇ ಮಾಡಿಸಿಕೊಳ್ಳಿ. ಕೊನೆಯ ದಿನ ಮುಖ್ಯ ಶಿಕ್ಷಕರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೀಟಿಂಗಿಗೆ ಹೋಗಿರುತ್ತಾರೆ, ಇದು ಖಂಡಿತ.

ಚಿತ್ರವನ್ನು ಮಡಚಬೇಡಿ. ಸುರುಳಿ ಸುತ್ತಿ ಪಿವಿಸಿ ಪೈಪಿನ ತುಂಡಿನೊಳಗೆ ಹಾಕಿ, ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಬೆಳಗಿನ ಬಸ್ಸಿನ ನೂಕುನುಗ್ಗಲಿಗೂ, ಹೇಳದೆ ಕೇಳದೆ ಬರುವ ಮಳೆಗೂ ಅದು ತಡೆಯುತ್ತದೆ. ಹೊರಡುವ ಮುಂಚೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಿ, ಪ್ರಬಂಧದ ಜೆರಾಕ್ಸ್ ಮಾಡಿಸಿಡಿ. ಚಿತ್ರ ವಾಪಸ್ ಬೇಕಾದರೆ ಫಲಿತಾಂಶ ಬಂದ ವಾರವೇ ಹೋಗಿ ಕೇಳಿ. ತಿಂಗಳು ಬಿಟ್ಟು ಹೋದರೆ ಅದು ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗಿರುತ್ತದೆ.